ಬಾಳಿನ ಸಂಕಲ್ಪ

॥ ಶ್ರೀ ಗುರುಭ್ಯೋ ನಮಃ ಹರಿಃ ಓಂ ॥

ನಮ್ಮ ಮನೆಗಳಲ್ಲಿ ಸಂಕಲ್ಪವಿಲ್ಲದೆ ಯಾವ ಕರ್ಮವೂ ಆರಂಭವಾಗುವುದಿಲ್ಲ. ದೇವರ ಪೂಜೆಯಿರಲಿ, ಪಿತೃಕಾರ್ಯವಿರಲಿ, ಉಪನಯನ ವಿವಾಹಗಳಿರಲಿ, ಆಚಮನ ಪ್ರಾಣಾಯಾಮಗಳಾದ ಬಳಿಕ ಕರ್ತೃವು ತಾನು ಎಲ್ಲಿದ್ದೇನೆ, ಯಾವ ಕಾಲದಲ್ಲಿದ್ದೇನೆ, ತಾನಾರು, ಯಾರ ಪ್ರೇರಣೆಯಿಂದ, ಯಾರ ಪ್ರೀತಿಗಾಗಿ, ಯಾವ ಕರ್ಮವನ್ನು ಮಾಡುತ್ತೇನೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಅರ್ಧ ಗಂಟೆಯ ಪೂಜೆಗೆ ನಮ್ಮ ಹಿರಿಯರು ಇಷ್ಟು ಎಚ್ಚರವನ್ನು ವಿಧಿಸಿದ್ದಾರೆ. ಆದರೆ ಅರವತ್ತು ಎಪ್ಪತ್ತು ವರ್ಷಗಳ ಬಾಳನ್ನು ನಮ್ಮಲ್ಲಿ ಬಹುಮಂದಿ ಸಂಕಲ್ಪವಿಲ್ಲದೆಯೇ ನಡೆಸಿ ಮುಗಿಸುತ್ತೇವೆ. ಇದು ವಿಚಾರ ಮಾಡತಕ್ಕ ಸಂಗತಿ.

ಉಪನ್ಯಾಸಗಳು ಮುಗಿದು ತೀರ್ಥಪ್ರಸಾದಕ್ಕೆ ಕುಳಿತಾಗ ಕಿರಿಯರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. "ನಾನು ಏನನ್ನು ಮಾಡಬೇಕು?" ಎಂದು ಮಕ್ಕಳು, "ಇವನನ್ನು ಏನು ಮಾಡಿಸೋಣ?" ಎಂದು ತಂದೆತಾಯಿಗಳು. ನಮ್ಮ ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತರೆ ತುಮಕೂರಿನ ಕಡೆಗೆ, ತಿಪಟೂರಿನ ಕಡೆಗೆ, ತುರುವೇಕೆರೆಯ ಕಡೆಗೆ, ಚಿಕ್ಕನಾಯಕನಹಳ್ಳಿಯ ಕಡೆಗೆ ನಾಲ್ಕು ದಾರಿಗಳು ಹೊರಡುತ್ತವೆ. ದಾರಿಗಳಿಗೆ ಕೊರತೆಯಿಲ್ಲ, ಬಸ್ಸುಗಳಿಗೂ ಕೊರತೆಯಿಲ್ಲ. ಯಾವ ಊರಿಗೆ ಹೋಗಬೇಕೆಂಬುದು ತಿಳಿಯದವನಿಗೆ ಮಾತ್ರ ನಾಲ್ಕು ದಾರಿಗಳೂ ಸಮಾನ. ಎದುರಿಗೆ ಮೊದಲು ಬಂದು ನಿಂತ ಬಸ್ಸನ್ನು ಅವನು ಹತ್ತುತ್ತಾನೆ. ಅನೇಕರ ಓದು, ನೌಕರಿಗಳ ಆಯ್ಕೆಯೂ ಇದೇ ರೀತಿ ನಡೆಯುತ್ತದೆ.

ಬಾಳಿಗೆ ದಾರಿತೋರುವ ಲಕ್ಷ್ಯವೊಂದನ್ನು ಕಂಡುಕೊಳ್ಳುವ ಬಗೆಯನ್ನು ಹೊಸದಾಗಿ ಹುಡುಕಬೇಕಾದ ಅಗತ್ಯವಿಲ್ಲ. ನಿತ್ಯವೂ ಹೇಳುವ ಸಂಕಲ್ಪದ ಅಂಗಗಳಲ್ಲಿಯೇ ಆ ಬಗೆಯು ಅಡಗಿದೆ. ಅವುಗಳನ್ನು ಒಂದೊಂದಾಗಿ ನೋಡೋಣ.

ದೇಶ

ಸಂಕಲ್ಪದಲ್ಲಿ ಜಂಬೂದ್ವೀಪ, ಭರತವರ್ಷ, ದಂಡಕಾರಣ್ಯ, ಗೋದಾವರಿಯ ದಕ್ಷಿಣತೀರ ಎಂದು ವಿಸ್ತಾರವಾದ ಭೂಮಂಡಲದಿಂದ ಇಳಿಯುತ್ತ ಇಳಿಯುತ್ತ ನಾವು ಕುಳಿತ ಮಣೆಯವರೆಗೆ ಬರುತ್ತೇವೆ. ಮನುಷ್ಯನು ಅಲ್ಪನೇ ಸರಿ. ಆದರೆ ಅವನಿಗೊಂದು ನಿಶ್ಚಿತವಾದ ಸ್ಥಾನವುಂಟು ಎಂಬುದು ಇದರ ತಾತ್ಪರ್ಯ.

ಲಕ್ಷ್ಯವನ್ನು ಅರಸುವವನು ಮೊದಲು ತಾನು ನಿಂತ ನೆಲವನ್ನು ನೋಡಬೇಕು. ನಮ್ಮದು ತೆಂಗಿನ ಸೀಮೆ. ಇಲ್ಲಿಯ ಎತ್ತರದ ತಳಿಯ ತೆಂಗು ಫಲಕ್ಕೆ ಬರಲು ಆರೇಳು ವರ್ಷಗಳಾದರೂ ಬೇಕು; ಬಂದ ಮೇಲೆ ಅರವತ್ತು ವರ್ಷಗಳನ್ನೂ ಮೀರಿ ಕೊಡುತ್ತದೆ. ಸಸಿಯನ್ನು ನೆಟ್ಟವನು ಮೊಮ್ಮಗನನ್ನು ನೆನೆದು ನೆಡುತ್ತಾನೆ. ತಿಪಟೂರಿನ ಉಂಡೆ ಕೊಬ್ಬರಿಯ ಕ್ರಮವನ್ನಂತೂ ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಬಲಿತ ಕಾಯನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಡಿಸಿಕೊಂಡು, ಅಲ್ಲಾಡಿಸಿದರೆ ಶಬ್ದವಾಗತೊಡಗಿದಾಗ ಮಾತ್ರ ಸುಲಿಯುತ್ತಾರೆ. ಆತುರಪಟ್ಟು ಮೊದಲೇ ಒಡೆದರೆ ತಿರುಳು ಚಿಪ್ಪಿಗಂಟಿ ಚೂರಾಗುತ್ತದೆ. ಹದಿನೇಳು ವರ್ಷದ ಹುಡುಗನ ಬಾಯಿಂದ ಜೀವನದ ಗುರಿಯನ್ನು ಒಂದೇ ದಿನದಲ್ಲಿ ಹೇಳಿಸಬೇಕೆಂದು ಹಟಮಾಡುವ ಹಿರಿಯರು ತಮ್ಮ ಅಟ್ಟವನ್ನೊಮ್ಮೆ ನೋಡುವುದು ಒಳ್ಳೆಯದು.

ದೇಶವನ್ನು ಅರಿಯುವುದೆಂದರೆ ಊರನ್ನು ಬಿಡಬಾರದೆಂದು ಅರ್ಥವಲ್ಲ. ಶ್ರೀ ರಾಘವೇಂದ್ರಸ್ವಾಮಿಗಳು ಅವತರಿಸಿದುದು ತಮಿಳುನಾಡಿನ ಭುವನಗಿರಿಯಲ್ಲಿ, ವ್ಯಾಸಂಗ ಮಾಡಿದುದು ಕುಂಭಕೋಣದಲ್ಲಿ, ಆಶ್ರಮವಾದುದು ತಂಜಾವೂರಿನಲ್ಲಿ, ನೆಲೆಸಿದುದು ತುಂಗಭದ್ರೆಯ ದಡದ ಮಂತ್ರಾಲಯದಲ್ಲಿ. ಬೆಂಗಳೂರಿನ ಕಂಪನಿಯಲ್ಲಿರುವವನಿಗೂ, ಅಮೆರಿಕದಲ್ಲಿ ಸಂಸಾರ ಹೂಡಿರುವವಳಿಗೂ ದೇಶವುಂಟು. ಇಂದು ನಾನಿರುವ ಸ್ಥಳದಲ್ಲಿ ನನ್ನಿಂದ ಯಾರಿಗೆ ಏನು ಸಲ್ಲಬೇಕಾಗಿದೆ ಎಂಬುದೇ ದೇಶದ ಪ್ರಶ್ನೆ. ಅದನ್ನು ಬಿಟ್ಟು ಇಲ್ಲದ ಊರಿನಲ್ಲಿ ತಾನು ಮಾಡಬಹುದಾದ ಮಹತ್ಕಾರ್ಯಗಳನ್ನು ಎಣಿಸುವವನ ಸಂಕಲ್ಪವು ಮೊದಲ ಮಾತಿನಲ್ಲಿಯೇ ತಪ್ಪುತ್ತದೆ.

ಕಾಲ

ಬ್ರಹ್ಮದೇವರ ದ್ವಿತೀಯ ಪರಾರ್ಧದಿಂದ ಮೊದಲುಗೊಂಡು ಇಂದಿನ ತಿಥಿಯವರೆಗೆ ಕಾಲವನ್ನು ಹೇಳುತ್ತೇವೆ. ಪ್ರತಿಯೊಂದು ಕಾಲಕ್ಕೂ ಅದರದೇ ಆದ ಬೇಡಿಕೆಯಿರುತ್ತದೆ. ಅದನ್ನು ಕಂಡವನಿಗೆ ಲಕ್ಷ್ಯವು ದೊರೆಯುತ್ತದೆ.

ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು. ಇಂಗ್ಲಿಷಿನಲ್ಲಿಯೇ ಪಾಂಡಿತ್ಯದ ಕೀರ್ತಿಯನ್ನು ಗಳಿಸಿ ಸುಖವಾಗಿರಬಹುದಾಗಿತ್ತು. ಆದರೆ ಆ ಕಾಲದಲ್ಲಿ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದು ಸಂಸ್ಥಾನ ಎಂದು ಹಂಚಿಹೋಗಿದ್ದರು. ವಿದ್ಯಾವಂತರಿಗೆ ತಾಯ್ನುಡಿಯಲ್ಲಿ ಬರೆಯುವುದು ಗೌರವದ ಕಾರ್ಯವೆಂದು ತೋರುತ್ತಿರಲಿಲ್ಲ. 1911ರಲ್ಲಿ ಅವರು ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಅಂದು ಕಂಡುದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಇಂಗ್ಲಿಷ್ ಕವಿತೆಗಳನ್ನು ಕನ್ನಡದ ಛಂದಸ್ಸಿನಲ್ಲಿ ತಂದರು. ಗ್ರೀಕ್ ರುದ್ರನಾಟಕದ ಮಾದರಿಯಲ್ಲಿ 'ಅಶ್ವತ್ಥಾಮನ್' ನಾಟಕವನ್ನು ಬರೆದರು. 1928ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಶಿಷ್ಯರನ್ನು ಕನ್ನಡಕ್ಕೆ ತಿರುಗಿಸಿದರು. 1946ರಲ್ಲಿ ಅವರು ದೇಹವನ್ನು ಬಿಟ್ಟುದೂ ಧಾರವಾಡದಲ್ಲಿಯೇ. ಕನ್ನಡನಾಡು ಒಂದಾಗಲು ಇನ್ನೂ ಹತ್ತು ವರ್ಷಗಳಿದ್ದುವು.

ಇಲ್ಲಿ ಗಮನಿಸತಕ್ಕುದು ಏನೆಂದರೆ, ಲಕ್ಷ್ಯವು ದೊರೆಯಿತೆಂದು ಅವರು ನೌಕರಿಯನ್ನು ತ್ಯಜಿಸಲಿಲ್ಲ. ಇಂಗ್ಲಿಷನ್ನು ಬೋಧಿಸುತ್ತಲೇ, ಅದರಿಂದ ಬಂದ ಜ್ಞಾನವನ್ನೇ ಕನ್ನಡದ ಸೇವೆಗೆ ಹೂಡಿದರು. ಜೀವನೋಪಾಯವೂ ಜೀವನಲಕ್ಷ್ಯವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಎರಡೂ ಒಂದಕ್ಕೊಂದು ವಿರೋಧವಾಗದಿದ್ದರೆ ಸಾಕು.

ಗೋತ್ರ ಮತ್ತು ನಾಮ

ಮೂರನೆಯದು ತಾನಾರೆಂಬ ಪ್ರಶ್ನೆ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವಜೀವರಿಗೆ ಭೇದವು ನಿತ್ಯವಾದುದು. ಪ್ರತಿಯೊಬ್ಬ ಜೀವನಿಗೂ ಸ್ವರೂಪಯೋಗ್ಯತೆಯು ಬೇರೆ ಬೇರೆಯಾಗಿದೆ. ಮುಕ್ತಿಯೆಂಬುದು ಆ ಸ್ವರೂಪಾನಂದದ ಆವಿರ್ಭಾವವೇ ಹೊರತು ಎಲ್ಲರೂ ಕರಗಿ ಒಂದಾಗುವುದಲ್ಲ. ಈ ಸಿದ್ಧಾಂತವನ್ನು ಉಪನ್ಯಾಸದಲ್ಲಿ ತಲೆದೂಗಿ ಕೇಳುವ ನಾವೇ ಮನೆಗೆ ಬಂದು, "ಪಕ್ಕದ ಮನೆಯ ಹುಡುಗ ಓದಿದ್ದನ್ನೇ ನೀನೂ ಓದು" ಎಂದು ಮಗನಿಗೆ ಹೇಳುತ್ತೇವೆ. ಭೇದವನ್ನು ಒಪ್ಪಿದವರು ಮಕ್ಕಳ ಯೋಗ್ಯತೆಯ ಭೇದವನ್ನೂ ಒಪ್ಪಬೇಕಲ್ಲವೇ? ಅನ್ಯರ ಧರ್ಮವನ್ನು ಚೆನ್ನಾಗಿ ಮಾಡುವುದಕ್ಕಿಂತ ತನ್ನ ಧರ್ಮವನ್ನು ಅಲ್ಪವಾಗಿ ಮಾಡುವುದೇ ಮೇಲೆಂದು ಗೀತೆಯಲ್ಲಿ ಭಗವಂತನು ಎರಡು ಬಾರಿ ಹೇಳಿರುವುದು ಇದೇ ಕಾರಣದಿಂದ.

ಯೋಗ್ಯತೆಯನ್ನು ತಿಳಿಯುವುದು ಹೇಗೆ? ಶ್ರೀ ಪುರಂದರದಾಸರ ಚರಿತ್ರೆಯು ಇದಕ್ಕೆ ಬೆಳಕನ್ನು ನೀಡುತ್ತದೆ. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸನಾಯಕರೆಂಬ ಧನಿಕ ವರ್ತಕರು. ಬಡ ಬ್ರಾಹ್ಮಣನೊಬ್ಬನಿಗೆ ಅವರ ಪತ್ನಿಯು ಮೂಗುತಿಯನ್ನು ದಾನಮಾಡಿದುದು, ಅದು ನಾಯಕರ ಅಂಗಡಿಗೇ ಮಾರಾಟಕ್ಕೆ ಬಂದುದು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮೂಗುತಿ ಮನೆಯ ವಿಷದ ಬಟ್ಟಲಿನಲ್ಲಿ ದೊರೆತುದು, ನಾಯಕರು ಸರ್ವಸ್ವವನ್ನೂ ದಾನಮಾಡಿ ಹೊರಟುದು, ಇವೆಲ್ಲ ಸಂಪ್ರದಾಯದಲ್ಲಿ ಪ್ರಸಿದ್ಧವಾಗಿವೆ. ಶ್ರೀ ವ್ಯಾಸರಾಜರಿಂದ ಅಂಕಿತವನ್ನು ಪಡೆದು ಅವರು ಪುರಂದರವಿಠಲನ ದಾಸರಾದರು.

ಅವರಲ್ಲಿ ಬಿಟ್ಟುಹೋದುದು ಯಾವುದು, ಉಳಿದುದು ಯಾವುದು ಎಂಬುದನ್ನು ವಿವೇಚಿಸಬೇಕು. ಲೋಭವು ಬಿಟ್ಟುಹೋಯಿತು. ಲೆಕ್ಕವನ್ನು ಅಚ್ಚುಕಟ್ಟಾಗಿ ಕಟ್ಟುವ ಬುದ್ಧಿಯು ಉಳಿಯಿತು. ಸಂಗೀತವನ್ನು ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ, ಮಲಹರಿಯಲ್ಲಿ ಪಿಳ್ಳಾರಿಗೀತೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಪಾಠಕ್ರಮವನ್ನು ಕಟ್ಟಿಕೊಟ್ಟವರು ಅವರೆಂದು ಸಂಗೀತಲೋಕವು ಇಂದಿಗೂ ಅವರನ್ನು ಪಿತಾಮಹರೆಂದು ಕರೆಯುತ್ತದೆ. ಯೋಗ್ಯತೆಯು ಬದಲಾಗಲಿಲ್ಲ, ಅದರ ಮುಖವು ತಿರುಗಿತು. ಆದುದರಿಂದ, ನನ್ನಲ್ಲಿ ಇಲ್ಲದ ಗುಣವನ್ನು ಎಲ್ಲಿಂದ ತರಲಿ ಎಂದು ಕೊರಗುವುದರ ಬದಲು, ಇರುವ ಗುಣವು ಈಗ ಯಾರ ಸೇವೆಯಲ್ಲಿದೆ ಎಂದು ಕೇಳಿಕೊಳ್ಳಬೇಕು. ಮಾತುಗಾರನ ಮಾತು, ಲೆಕ್ಕಿಗನ ಲೆಕ್ಕ, ಅಡಿಗೆಯವಳ ಕೈಗುಣ, ಇವೆಲ್ಲವೂ ಭಗವಂತನು ಕೊಟ್ಟ ಬಂಡವಾಳಗಳು. ನಾಯಕರಿಗೆ ಇದನ್ನು ತೋರಿಸಿಕೊಟ್ಟವಳು ಮನೆಯೊಳಗಿನ ಗೃಹಿಣಿ ಎಂಬುದನ್ನೂ ಮರೆಯಬಾರದು. ನಮ್ಮ ಯೋಗ್ಯತೆಯನ್ನು ನಮಗಿಂತ ಮೊದಲು ನಮ್ಮ ಮನೆಯವರು ಬಲ್ಲರು.

ಪ್ರೇರಣೆ

ಸಂಕಲ್ಪದಲ್ಲಿ "ಶ್ರೀವಿಷ್ಣುಪ್ರೇರಣೆಯಿಂದ" ಎಂದು ಹೇಳುವ ಮಾತು ಬಹು ಗಂಭೀರವಾದುದು. ಜೀವನಿಗೆ ಕರ್ತೃತ್ವವುಂಟು, ಆದರೆ ಅದು ಶ್ರೀಹರಿಯ ಅಧೀನವಾದುದು. ಹಾಗಾದರೆ ಮನಸ್ಸಿನಲ್ಲೆದ್ದ ಆಸೆಗಳೆಲ್ಲವನ್ನೂ ದೈವಪ್ರೇರಣೆಯೆಂದು ತಿಳಿದು ನಡೆಯಬಹುದೇ? ಕೂಡದು. ಪ್ರೇರಣೆಯನ್ನು ಪರೀಕ್ಷಿಸುವ ಕ್ರಮವನ್ನು ಶ್ರೀ ರಾಘವೇಂದ್ರಸ್ವಾಮಿಗಳ ಪೂರ್ವಾಶ್ರಮದ ಚರಿತ್ರೆಯಿಂದ ಕಲಿಯಬಹುದು. ಅವರ ಸೋದರಳಿಯಂದಿರಾದ ನಾರಾಯಣಾಚಾರ್ಯರು 'ರಾಘವೇಂದ್ರವಿಜಯ'ವೆಂಬ ಕಾವ್ಯದಲ್ಲಿ ಅದನ್ನು ವರ್ಣಿಸಿದ್ದಾರೆ.

ವೆಂಕಟನಾಥರು ಮಹಾಪಂಡಿತರು, ಆದರೆ ಕಡುಬಡವರು. ಪಾಠಹೇಳಿ ಹಣವನ್ನು ಕೇಳುತ್ತಿರಲಿಲ್ಲ. ಮನೆಯಲ್ಲಿ ಪತ್ನಿ ಸರಸ್ವತಿ, ಚಿಕ್ಕ ಮಗ ಲಕ್ಷ್ಮೀನಾರಾಯಣ. ಉಪವಾಸವಿದ್ದ ದಿನಗಳು ಅನೇಕ. ಗುರುಗಳಾದ ಶ್ರೀ ಸುಧೀಂದ್ರತೀರ್ಥರು ಪೀಠವನ್ನು ವಹಿಸಿಕೊಳ್ಳಬೇಕೆಂದು ಅಪ್ಪಣೆಮಾಡಿದಾಗ ಅವರು ಕೂಡಲೇ ಒಪ್ಪಲಿಲ್ಲ. ತರುಣಿಯಾದ ಪತ್ನಿ, ಉಪನಯನವಾಗದ ಮಗ ಇರುವಾಗ ಸಂನ್ಯಾಸವು ಹೇಗೆ ಸಾಧ್ಯವೆಂದು ಬಿನ್ನವಿಸಿದರು. ಆ ಬಳಿಕ ವಾಗ್ದೇವಿಯು ಸ್ವಪ್ನದಲ್ಲಿ ಬಂದು, ಶಾಸ್ತ್ರವು ಅವರನ್ನು ಎದುರುನೋಡುತ್ತಿದೆ ಎಂಬುದನ್ನು ತಿಳಿಸಿದಳು. ಅವರು ಮಗನ ಉಪನಯನವನ್ನು ನೆರವೇರಿಸಿ, 1621ರ ದುರ್ಮತಿ ಸಂವತ್ಸರದಲ್ಲಿ ತಂಜಾವೂರಿನಲ್ಲಿ ಆಶ್ರಮವನ್ನು ಸ್ವೀಕರಿಸಿದರು. ಮುಂದೆ 1671ರಲ್ಲಿ ಬೃಂದಾವನಪ್ರವೇಶವಾಗುವವರೆಗಿನ ಐವತ್ತು ವರ್ಷಗಳಲ್ಲಿ ನ್ಯಾಯಸುಧೆಗೆ 'ಪರಿಮಳ'ವೂ, ಉಪನಿಷತ್ತುಗಳಿಗೆ ಖಂಡಾರ್ಥಗಳೂ, ಗೀತಾವಿವೃತಿಯೂ ಬೆಳಕಿಗೆ ಬಂದುವು.

ಶ್ರೀಮದಾಚಾರ್ಯರ ಮತದಲ್ಲಿ ಸ್ವಪ್ನವು ಮಿಥ್ಯೆಯಲ್ಲ. ಜೀವನ ಮನಸ್ಸಿನಲ್ಲಿರುವ ವಾಸನೆಗಳಿಂದ ಭಗವಂತನೇ ಅದನ್ನು ಸೃಷ್ಟಿಸುತ್ತಾನೆ. ವೆಂಕಟನಾಥರಿಗೆ ಅಂತಹ ಸ್ವಪ್ನವಾಗಬೇಕಾದರೆ ವರ್ಷಗಟ್ಟಲೆ ಹಗಲಿರುಳು ಶಾಸ್ತ್ರವನ್ನು ಚಿಂತಿಸಿದ ಮನಸ್ಸು ಅದಕ್ಕೆ ಮೊದಲೇ ಸಿದ್ಧವಾಗಿದ್ದಿತು. ಲಕ್ಷ್ಯದ ದರ್ಶನವು ಸೋಮಾರಿಗೆ ಆಗುವುದಿಲ್ಲ. ಅಲ್ಲದೆ, ಗುರುವಿನ ವಾಕ್ಯ, ಶಾಸ್ತ್ರದ ಸಮ್ಮತಿ, ಅಂತಃಕರಣದ ಪ್ರವೃತ್ತಿ ಎಂಬ ಮೂರೂ ಒಂದಾದಾಗ ಮಾತ್ರ ಅವರು ಹೆಜ್ಜೆಯಿಟ್ಟರು. ಈ ಮೂರರಲ್ಲಿ ಒಂದು ಮಾತ್ರ ಇದ್ದರೆ ನಾವು ಕಾಯಬೇಕು.

ಪ್ರೀತಿ

ಆ ಚರಿತ್ರೆಯಲ್ಲಿ ದುಃಖದ ಭಾಗವೊಂದುಂಟು. ಪತಿಯ ವಿಯೋಗವನ್ನು ಸಹಿಸಲಾರದೆ ಸರಸ್ವತಿಯು ಪ್ರಾಣವನ್ನು ಬಿಟ್ಟಳೆಂದೂ, ಆಕೆಗೆ ಸ್ವಾಮಿಗಳಿಂದಲೇ ಸದ್ಗತಿಯಾಯಿತೆಂದೂ ಸಂಪ್ರದಾಯವು ಹೇಳುತ್ತದೆ. ಆರಾಧನೆಯ ಉಪನ್ಯಾಸಗಳಲ್ಲಿ ಈ ಭಾಗವನ್ನು ಬೇಗನೆ ದಾಟಿಬಿಡುವುದುಂಟು. ದಾಟಬಾರದು. ಮಹಾಲಕ್ಷ್ಯಕ್ಕೆ ಬೆಲೆಯಿದೆ, ಆ ಬೆಲೆಯನ್ನು ತೆರುವವರು ಅನೇಕ ವೇಳೆ ಲಕ್ಷ್ಯವನ್ನು ಕಂಡವರಲ್ಲ, ಅವರ ಮನೆಯವರು. ದೇವತಾಂಶಸಂಭೂತರಿಗೆ ಗುರುಗಳ ಆಜ್ಞೆಯೂ ದೇವತೆಯ ಆದೇಶವೂ ಇದ್ದುವು. ಗೃಹಸ್ಥರಾದ ನಮಗೆ ಅವರ ಭಕ್ತಿಯು ಅನುಕರಣೀಯ. ಮನೆಯವರನ್ನು ಕೇಳದೆ ಹೊರಟುಬಿಡುವುದಕ್ಕೆ ಅದನ್ನು ಆಧಾರವಾಗಿ ಹಿಡಿಯಲಾಗದು.

ಶ್ರೀಮದಾಚಾರ್ಯರೇ ಈ ವಿಷಯದಲ್ಲಿ ದಾರಿಯನ್ನು ತೋರಿದ್ದಾರೆ. 'ಸುಮಧ್ವವಿಜಯ'ದಲ್ಲಿ ನಾರಾಯಣ ಪಂಡಿತಾಚಾರ್ಯರು ವರ್ಣಿಸುವಂತೆ, ಬಾಲಕ ವಾಸುದೇವನಿಗೆ ತನ್ನ ಲಕ್ಷ್ಯದಲ್ಲಿ ಸಂಶಯವೇ ಇರಲಿಲ್ಲ. ಉಡುಪಿಯಲ್ಲಿ ಅಚ್ಯುತಪ್ರೇಕ್ಷಾಚಾರ್ಯರ ಬಳಿಗೆ ಹೋದ ಮಗನನ್ನು ಹಿಂದಿರುಗಿಸಲು ಮಧ್ಯಗೇಹಭಟ್ಟರು ಬಂದರು. ಮುಪ್ಪಿನಲ್ಲಿ ತಮ್ಮನ್ನು ನೋಡಿಕೊಳ್ಳುವವರಾರು ಎಂಬುದು ಅವರ ಸಂಕಟ. ವಾಸುದೇವನು ಆ ಸಂಕಟವನ್ನು ಅಜ್ಞಾನವೆಂದು ತಳ್ಳಿಹಾಕಲಿಲ್ಲ. ತಂದೆತಾಯಿಗಳನ್ನು ನೋಡಿಕೊಳ್ಳಲು ತಮ್ಮನೊಬ್ಬನು ಹುಟ್ಟುವವರೆಗೆ ಆಶ್ರಮವನ್ನು ಸ್ವೀಕರಿಸುವುದಿಲ್ಲವೆಂದು ಮಾತುಕೊಟ್ಟು, ಹಾಗೆಯೇ ಕಾದನು. ತಮ್ಮನು ಹುಟ್ಟಿದ ಬಳಿಕವೂ ತಾಯಿಯ ಅನುಮತಿಯನ್ನು ಪಡೆದೇ ಮುಂದುವರಿದನು. ಆ ತಮ್ಮನೂ ತಂದೆತಾಯಿಗಳ ಕಾಲಾನಂತರವೇ ಸಂನ್ಯಾಸವನ್ನು ಪಡೆದು ವಿಷ್ಣುತೀರ್ಥರಾದರು.

ಜಗದ್ಗುರುವಿನ ಲಕ್ಷ್ಯವೇ ಒಂದು ಮನೆಯ ಮುಪ್ಪಿಗಾಗಿ ಕಾಯಬಹುದಾದರೆ, ನಮ್ಮ ಲಕ್ಷ್ಯಗಳು ಕಾಯಲಾರವೇ? ಇಂದು ನಮ್ಮ ಸೀಮೆಯಲ್ಲಿ ಬೀಗ ಹಾಕಿದ ಮನೆಗಳೂ, ಬೀಗ ಹಾಕಲಾರದೆ ವೃದ್ಧರಿಬ್ಬರೇ ಉಳಿದ ಮನೆಗಳೂ ಇವೆ. ದೂರಕ್ಕೆ ಹೋದ ಮಕ್ಕಳನ್ನು ದೂರುವುದು ನನ್ನ ಉದ್ದೇಶವಲ್ಲ. ನುಸಿಪೀಡೆ, ಬತ್ತಿದ ಕೊಳವೆಬಾವಿ, ಏರಿಳಿಯುವ ಕೊಬ್ಬರಿ ಧಾರಣೆಗಳನ್ನು ಕಂಡ ತಂದೆಯೇ ಮಗನನ್ನು ಬೆಂಗಳೂರಿನ ಬಸ್ಸು ಹತ್ತಿಸಿರುತ್ತಾನೆ. ಆದರೆ ಬಾಳಿನ ಸಂಕಲ್ಪವನ್ನು ಮಾಡುವವನು, ತನ್ನ ಲಕ್ಷ್ಯದ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನು ಕಣ್ಣುಬಿಟ್ಟು ನೋಡಬೇಕು. ಅವರ ಎದುರಿಗೆ ಕುಳಿತು ಮಾತನಾಡಬೇಕು. ಹಿರಿಯರೂ ಅಷ್ಟೇ: ಮಧ್ಯಗೇಹಭಟ್ಟರು ಕಡೆಗೆ ಒಪ್ಪಿದುದರಿಂದಲೇ ನಮಗೆ ಶಾಸ್ತ್ರವು ದೊರೆಯಿತು ಎಂಬುದನ್ನು ನೆನೆಯಬೇಕು. ಮಕ್ಕಳು ಕಾಯುವುದು ಧರ್ಮ. ತಕ್ಕ ಕಾಲದಲ್ಲಿ ಅನುಮತಿಸುವುದು ಹಿರಿಯರ ಧರ್ಮ.

ಕರ್ಮ

ಇಷ್ಟೆಲ್ಲ ಹೇಳಿದ ಬಳಿಕ ಸಂಕಲ್ಪವು ಒಂದು ನಿರ್ದಿಷ್ಟವಾದ ಕರ್ಮದಲ್ಲಿ ಮುಗಿಯುತ್ತದೆ. "ಒಳ್ಳೆಯದನ್ನು ಮಾಡುತ್ತೇನೆ" ಎಂದು ಯಾರೂ ಸಂಕಲ್ಪಿಸುವುದಿಲ್ಲ; ಇಂತಹ ಪೂಜೆಯನ್ನು, ಇಷ್ಟು ಜಪವನ್ನು ಮಾಡುತ್ತೇನೆಂದು ಹೇಳುತ್ತಾರೆ. ಬಾಳಿನ ಲಕ್ಷ್ಯಕ್ಕೂ ಇದೇ ನಿಯಮ. ಸಮಾಜಸೇವೆ ಎಂದರೆ ಸಾಲದು. ಈ ವರ್ಷ ಬೀದಿಯ ನಾಲ್ವರು ಮಕ್ಕಳಿಗೆ ಸಂಜೆಯ ಹೊತ್ತು ಗಣಿತವನ್ನು ಹೇಳಿಕೊಡುತ್ತೇನೆ ಎಂದರೆ ಅದು ಸಂಕಲ್ಪ. ಪಾಠಶಾಲೆಯಲ್ಲಿ ಓದಿ ಬಳಿಕ ಬಿ.ಎ. ಮಾಡಿದ ನನ್ನಂತಹವರನ್ನು ಎರಡು ಕಡೆಯವರೂ, "ನೀನು ಯಾವ ಕಡೆ?" ಎಂದು ಕೇಳುತ್ತಾರೆ. ಪಾಠಶಾಲೆಯಲ್ಲಿ ಕೇಳಿದ್ದನ್ನು ಕಾಲೇಜಿಗೆ ಹೋದವರಿಗೂ ತಿಳಿಯುವ ಮಾತಿನಲ್ಲಿ ತಿಂಗಳಿಗೊಂದು ಸಲವಾದರೂ ಹೇಳುವುದೆಂಬ ಸಣ್ಣ ಕರ್ಮವು ಆ ಪ್ರಶ್ನೆಗೆ ನಾನು ಕೊಡುವ ಉತ್ತರ.

ಸಂಕಲ್ಪವನ್ನು ಹಿಡಿದು ನಡೆಯುವ ಶಕ್ತಿಯು ಒಮ್ಮೆಲೇ ಬರುವುದಿಲ್ಲ. ಅದಕ್ಕಾಗಿಯೇ ನಮ್ಮ ಮನೆಗಳಲ್ಲಿ ಚಾತುರ್ಮಾಸ್ಯವ್ರತವಿದೆ. ಮೊದಲ ತಿಂಗಳು ಶಾಕ, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ದ್ವಿದಳ ಎಂದು ಒಂದೊಂದನ್ನು ಬಿಡುತ್ತ ಇಡೀ ಮನೆಯೇ ನಾಲ್ಕು ತಿಂಗಳ ಸಂಕಲ್ಪವನ್ನು ಸಾಗಿಸುತ್ತದೆ. ಮೊಸರಿಲ್ಲದ ಶ್ರಾವಣ ಭಾದ್ರಪದಗಳಲ್ಲಿ ನಾಲಗೆಯನ್ನು ಗೆದ್ದ ಬಾಲಕನು ಮುಂದೆ ದೊಡ್ಡ ವ್ರತವನ್ನು ಹಿಡಿಯಲು ಅರ್ಹನಾಗುತ್ತಾನೆ.

ಈ ಸಲದ ಚಾತುರ್ಮಾಸ್ಯದ ಆರಂಭದ ಏಕಾದಶಿಯಂದು, ಒಲೆಯ ಗಡಿಬಿಡಿಯಿಲ್ಲದ ಆ ದಿನದಲ್ಲಿ, ಪ್ರತಿಯೊಬ್ಬರೂ ಒಂದು ಹಾಳೆಯ ಮೇಲೆ ಈ ಆರು ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರವನ್ನು ಬರೆದಿಡಬೇಕೆಂದು ನನ್ನ ವಿನಂತಿ: ನಾನು ನಿಂತ ಸ್ಥಳದಲ್ಲಿ ಯಾರಿಗೆ ಏನು ಸಲ್ಲಬೇಕು? ನನ್ನ ಕಾಲವು ಏನನ್ನು ಬೇಡುತ್ತಿದೆ? ನನಗೆ ದೊರೆತ ಗುಣವು ಯಾರ ಸೇವೆಯಲ್ಲಿದೆ? ನನ್ನ ಒಲವನ್ನು ಗುರುಹಿರಿಯರೂ ಶಾಸ್ತ್ರವೂ ಒಪ್ಪುತ್ತವೆಯೇ? ಅದರ ಬೆಲೆಯನ್ನು ತೆರುವವರಾರು? ನಾಳೆ ಮಾಡುವ ಕರ್ಮ ಯಾವುದು? ಕಾರ್ತಿಕದ ಉತ್ಥಾನದ್ವಾದಶಿಯ ದಿನ, ವ್ರತಸಮರ್ಪಣೆಯ ವೇಳೆಗೆ, ಅದನ್ನು ತೆರೆದು ನೋಡಿ ತಿದ್ದಿಕೊಳ್ಳಲಿ. ಮೊದಲ ವರ್ಷವೇ ಎಲ್ಲವೂ ಸ್ಪಷ್ಟವಾಗಬೇಕೆಂದಿಲ್ಲ. ಅಟ್ಟದ ಕಾಯಿಗೂ ಕಾಲ ಬೇಕು.

ಸಮರ್ಪಣೆ

ಕರ್ಮದ ಕೊನೆಯಲ್ಲಿ ನೀರನ್ನು ಬಿಟ್ಟು ಎಲ್ಲವನ್ನೂ ಕೃಷ್ಣನಿಗೆ ಅರ್ಪಿಸುತ್ತೇವೆ. ಮಂತ್ರಲೋಪ, ಕ್ರಿಯಾಲೋಪಗಳಿದ್ದರೂ ಅವನು ಪೂರ್ಣಗೊಳಿಸುತ್ತಾನೆಂಬ ಭರವಸೆಯು ಅದರಲ್ಲಿದೆ. ಈ ಭರವಸೆಯಿಲ್ಲದ ಲಕ್ಷ್ಯವು ಮನುಷ್ಯನನ್ನು ಸುಡುತ್ತದೆ. ಕೈಗೂಡಿದರೆ ಅಹಂಕಾರ, ಕೈಗೂಡದಿದ್ದರೆ ಹತಾಶೆ. ಬಿ. ಎಂ. ಶ್ರೀಯವರು ಕರ್ನಾಟಕದ ಏಕೀಕರಣವನ್ನು ಕಾಣಲಿಲ್ಲ. ಸಸಿಯನ್ನು ನೆಟ್ಟ ಅಜ್ಜನು ಅದರ ಐವತ್ತನೆಯ ವರ್ಷದ ಕಾಯನ್ನು ಕಾಣುವುದಿಲ್ಲ. ಆದರೂ ನೆಟ್ಟುದು ಸಾರ್ಥಕವೇ. ನಮ್ಮ ಬಾಳು ಫಲವನ್ನು ಕೊಯ್ಯುವುದರೊಳಗಾಗಿ ಮುಗಿದರೂ, ಸಂಕಲ್ಪವು ಸರಿಯಾಗಿದ್ದರೆ ಪೂಜೆಯು ಅವನಿಗೆ ಸಲ್ಲುತ್ತದೆ.

ಶ್ರೀ ಹರಿವಾಯುಗುರುಗಳು ನಮ್ಮೆಲ್ಲರಿಗೂ ಸ್ವಯೋಗ್ಯವಾದ ಲಕ್ಷ್ಯವನ್ನು ತೋರಿಸಿ, ಅದರಲ್ಲಿ ಸ್ಥಿರವಾದ ಮನಸ್ಸನ್ನು ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥